ಮಗುವನ್ನು ಬೋರ್ಡಿಂಗ್ ಶಾಲೆಗೆ ಸೇರಿಸ್ತೀರಾ? ಮೊದಲ ಕಂತು ಕಟ್ಟೋ ಮುಂಚೆ ಮತ್ತಿಕೆರೆ ಪೋಷಕರು ನೋಡಬೇಕಾದ ಲೆಕ್ಕ

ಮತ್ತಿಕೆರೆ: ಬೆಳಗ್ಗೆ ಬೇಗ ಯಶವಂತಪುರ ಯಾರ್ಡ್‌ಗೆ ಹೋಗಿ ಸರಕು ತಂದು, ರಾತ್ರಿ ಹತ್ತು ಗಂಟೆಗೆ ಷಟರ್ ಎಳೆಯುವ ಮನೆಗಳು ಇಲ್ಲಿ ಸಾಕಷ್ಟಿವೆ. ಗಂಡ ಹೆಂಡತಿ ಇಬ್ಬರೂ ಗಲ್ಲಾದಲ್ಲಿ ಕೂರಬೇಕು. ಇನ್ನು ಕೆಲವರ ಮನೆಯಲ್ಲಿ ಇಬ್ಬರೂ ಕೆಲಸಕ್ಕೆ ಹೋಗ್ತಾರೆ, ಅಜ್ಜ ಅಜ್ಜಿ ಊರಲ್ಲಿರ್ತಾರೆ. ಮಗು ಐದನೇ ಕ್ಲಾಸಿಗೆ ಬರುತ್ತಿದ್ದಂತೆ ‘ಬೋರ್ಡಿಂಗ್‌ಗೆ ಹಾಕಿಬಿಡೋಣ’ ಅನ್ನೋ ಮಾತು ಶುರುವಾಗುತ್ತೆ.

ಅಂಗಡಿಯವರು ಸರಕು ನೋಡದೆ ದುಡ್ಡು ಕೊಡುವವರಲ್ಲ. ಒಂದು ಮೂಟೆ ಅಕ್ಕಿ ತಗೊಂಡರೂ ಬಿಚ್ಚಿ ನೋಡ್ತಾರೆ. ಆದರೆ ಬೋರ್ಡಿಂಗ್ ಶಾಲೆ ವಿಷಯದಲ್ಲಿ ಮಾತ್ರ ಇದು ತಿರುಗಿಬಿಡುತ್ತೆ. ಮೊದಲು ಸೀಟು ಹಿಡಿಯಲು ದುಡ್ಡು ಕಟ್ಟಿ, ಆಮೇಲೆ ಒಂದೊಂದೇ ವಿಚಾರ ಕೇಳ್ತಾರೆ. ಮೊದಲ ರಸೀದಿ ಕೈಗೆ ಬರುವ ತನಕ ಪೋಷಕರ ಮಾತಿಗೆ ಬೆಲೆ. ಬಂದ ಮೇಲೆ ಶಾಲೆಯ ಷರತ್ತಿಗೆ ಬೆಲೆ. ಆದ್ದರಿಂದ ದುಡ್ಡು ಕಟ್ಟುವ ಮುಂಚೆ ಏನೇನು ನೋಡಬೇಕು, ಏನೇನು ಕೇಳಬೇಕು ಅನ್ನೋದು ಇಲ್ಲಿದೆ.

ಯಾವ ಬಗೆಯ ಬೋರ್ಡಿಂಗ್?

ಜಾಹೀರಾತಿನಲ್ಲಿ ‘ಬೋರ್ಡಿಂಗ್’ ಅಂತ ಇದ್ದರೆ ಎಲ್ಲವೂ ಒಂದೇ ಅಲ್ಲ. ‘ಡೇ ಬೋರ್ಡಿಂಗ್’ ಅಂದರೆ ಮಗು ಸಂಜೆ ಮನೆಗೆ ಬರುತ್ತೆ. ಊಟ, ಆಟ, ಹೋಂವರ್ಕ್ ಶಾಲೆಯಲ್ಲೇ ಮುಗಿಯುತ್ತೆ. ‘ವೀಕ್ಲಿ ಬೋರ್ಡಿಂಗ್’ ಅಂದರೆ ಸೋಮವಾರದಿಂದ ಶುಕ್ರವಾರದ ತನಕ ಅಲ್ಲೇ ವಾಸ, ಶನಿವಾರ ಭಾನುವಾರ ಮನೆ. ಪೂರ್ತಿ ವಸತಿ ಶಾಲೆಯಲ್ಲಿ ದಸರಾ, ಬೇಸಿಗೆ ರಜೆಗೆ ಮಾತ್ರ ಮನೆಗೆ ಕಳಿಸ್ತಾರೆ.

ಸಂಜೆ ನಾಲ್ಕರಿಂದ ರಾತ್ರಿ ಒಂಬತ್ತರ ತನಕ ಮಗುವನ್ನು ನೋಡಿಕೊಳ್ಳೋರಿಲ್ಲ ಅನ್ನೋದಷ್ಟೇ ತೊಂದರೆ ಆಗಿದ್ದರೆ, ಪೂರ್ತಿ ವಸತಿ ಶಾಲೆ ಬೇಕೇ ಬೇಕು ಅಂತೇನಿಲ್ಲ. ಡೇ ಬೋರ್ಡಿಂಗ್‌ನಲ್ಲೇ ಆ ತೊಂದರೆ ತೀರಬಹುದು, ಖರ್ಚೂ ಕಡಿಮೆ. ಅದನ್ನು ಮೊದಲು ಮನೆಯಲ್ಲಿ ಕೂತು ತೀರ್ಮಾನ ಮಾಡಿ.

ಇನ್ನೊಂದು ವಿಚಾರ. ಕೆಲವು ಕಡೆ ಶಾಲೆ ಒಬ್ಬರದು, ಹಾಸ್ಟೆಲ್ ಇನ್ನೊಬ್ಬರದು. ಕಟ್ಟಡ ಪಕ್ಕಪಕ್ಕದಲ್ಲೇ ಇರುತ್ತೆ, ಹೊಣೆ ಮಾತ್ರ ಬೇರೆ ಬೇರೆ. ಹಾಸ್ಟೆಲ್ ರಸೀದಿ ಯಾರ ಹೆಸರಲ್ಲಿ ಬರುತ್ತೆ ಅಂತ ಕೇಳಿ. ಶಾಲೆಗೆ ಮಾನ್ಯತೆ ಇದೆ ಅಂದ ಮಾತ್ರಕ್ಕೆ ಹಾಸ್ಟೆಲನ್ನೂ ಯಾರೋ ಬಂದು ತಪಾಸಣೆ ಮಾಡಿದ್ದಾರೆ ಅಂತ ಅರ್ಥ ಅಲ್ಲ.

ಖಾಸಗಿಗೆ ಮುಂಚೆ ಇವನ್ನೂ ನೋಡಿ

ಲಕ್ಷಗಟ್ಟಲೆ ಕಟ್ಟುವ ಮುಂಚೆ ಕಡಿಮೆ ಖರ್ಚಿನ ದಾರಿಗಳನ್ನು ಒಮ್ಮೆ ನೋಡಬೇಕು. ಇವಕ್ಕೆ ಅರ್ಜಿ ಹಾಕುವ ಸಮಯ ಮಗು ಐದನೇ ಕ್ಲಾಸಿನಲ್ಲಿ ಇದ್ದಾಗಲೇ ಬಂದು ಹೋಗುತ್ತೆ. ಆರನೇ ಕ್ಲಾಸಿಗೆ ಬಂದ ಮೇಲೆ ನೆನಪಾದರೆ ಆಗೋದಿಲ್ಲ.

ನವೋದಯ: ಬೆಂಗಳೂರು ನಗರ ಜಿಲ್ಲೆಯ ಜವಾಹರ್ ನವೋದಯ ವಿದ್ಯಾಲಯ ಯಲಹಂಕ ಕಡೆಯ ಬಾಗಲೂರಿನಲ್ಲಿದೆ. ಊಟ, ವಸತಿ, ಪಾಠ ಎಲ್ಲ ಉಚಿತ. 9ನೇ ತರಗತಿಯಿಂದ ವಿಕಾಸ ನಿಧಿ ಅಂತ ತಿಂಗಳಿಗೆ 600 ರೂಪಾಯಿ ಇದೆ. ಹೆಣ್ಣುಮಕ್ಕಳು, ಎಸ್‌ಸಿ, ಎಸ್‌ಟಿ ಮತ್ತು ಬಿಪಿಎಲ್ ಮಕ್ಕಳಿಗೆ ಅದೂ ಇಲ್ಲ. ಮಗು ಅದೇ ಜಿಲ್ಲೆಯಲ್ಲಿ ಐದನೇ ಕ್ಲಾಸ್ ಓದುತ್ತಿರಬೇಕು. ಆರನೇ ತರಗತಿಯ ಪರೀಕ್ಷೆ ಬರೆಯಲು ಒಂದೇ ಅವಕಾಶ. ಆದರೆ ಒಂದು ಗಂಟು ಇದೆ: ಕನಿಷ್ಠ ಶೇ 75ರಷ್ಟು ಸೀಟು ಹಳ್ಳಿ ಮಕ್ಕಳಿಗೆ. 3, 4, 5ನೇ ತರಗತಿಯನ್ನು ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಮಾತ್ರ ಆ ಕೋಟಾ. ಮತ್ತಿಕೆರೆಯಲ್ಲಿ ಓದಿದ ಮಗು ಉಳಿದ ಸೀಟಿಗೆ ಪೈಪೋಟಿ ಮಾಡಬೇಕು.

ಸೈನಿಕ ಶಾಲೆ: 1963ರಲ್ಲಿ ಶುರುವಾದ ವಿಜಯಪುರ ಮತ್ತು 2007ರಲ್ಲಿ ಶುರುವಾದ ಕೊಡಗಿನ ಕೂಡಿಗೆ, ಎರಡೂ ವಸತಿ ಶಾಲೆಗಳು. 6 ಮತ್ತು 9ನೇ ತರಗತಿಗೆ ಅಖಿಲ ಭಾರತ ಪ್ರವೇಶ ಪರೀಕ್ಷೆ ನಡೆಯುತ್ತೆ. ಆರಕ್ಕೆ ಸೇರಲು ಮಾರ್ಚ್ 31ಕ್ಕೆ ವಯಸ್ಸು 10ರಿಂದ 12ರ ಒಳಗಿರಬೇಕು, ಒಂಬತ್ತಕ್ಕೆ 13ರಿಂದ 15. ಹೆಣ್ಣುಮಕ್ಕಳಿಗೂ ಅವಕಾಶ ಇದೆ. ಫೀಸು ಇದೆ, ಆದರೆ ಪೋಷಕರ ಆದಾಯದ ಮೇಲೆ ವಿದ್ಯಾರ್ಥಿವೇತನ ಸಿಗುತ್ತೆ. ಪರೀಕ್ಷೆ ಪಾಸಾದ ಮೇಲೆ ವೈದ್ಯಕೀಯ ಪರೀಕ್ಷೆಯನ್ನೂ ದಾಟಬೇಕು. ಹೆಣ್ಣುಮಕ್ಕಳಿಗಂತಲೇ ಕಿತ್ತೂರಿನಲ್ಲಿ ರಾಣಿ ಚನ್ನಮ್ಮ ಸೈನಿಕ ಶಾಲೆ 1969ರಿಂದ ನಡೆಯುತ್ತಿದೆ.

ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು: ರಾಜ್ಯ ಸರ್ಕಾರದವು. 6ರಿಂದ 10ನೇ ತರಗತಿ ತನಕ ಉಚಿತ. ಪ್ರವೇಶ ಪರೀಕ್ಷೆ ಮತ್ತು ಮೀಸಲಾತಿ ಮೇಲೆ ಸೀಟು. ಜಾತಿ ಮತ್ತು ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ. ಅರ್ಜಿಗೆ ಕೊನೇ ದಿನ ಹತ್ತಿರ ಬಂದಾಗ ನಾಡಕಚೇರಿಯಲ್ಲಿ ಓಡಾಡುವ ಕಷ್ಟ ಬೇಡ.

ಮಠ ಮತ್ತು ಆಶ್ರಮದ ಶಾಲೆಗಳು: ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಎಲ್ಲ ಜಾತಿಯ ಸಾವಿರಾರು ಮಕ್ಕಳು ಉಚಿತ ಊಟ ವಸತಿಯಲ್ಲಿ ಓದುತ್ತಿದ್ದಾರೆ. ಮೈಸೂರಿನ ರಾಮಕೃಷ್ಣ ವಿದ್ಯಾಶಾಲೆ 1953ರಿಂದ ನಡೆಯುತ್ತಿರುವ ಗಂಡುಮಕ್ಕಳ ವಸತಿ ಶಾಲೆ.

ಇನ್ನು ಯಲಹಂಕ, ತರಹುಣಸೆ ಕಡೆ ಅಂತರರಾಷ್ಟ್ರೀಯ ಪಠ್ಯಕ್ರಮದ ವಸತಿ ಶಾಲೆಗಳೂ ಇವೆ. ಈ ಬಗೆಯ ಶಾಲೆಗಳಲ್ಲಿ ವರ್ಷಕ್ಕೆ ಹತ್ತು ಲಕ್ಷ ದಾಟುವವೂ ಉಂಟು. ಈ ಲೇಖನ ಅಲ್ಲಿಗೆ ಹೋಗುವುದಿಲ್ಲ. ವರ್ಷಕ್ಕೆ ಎರಡು ಮೂರು ಲಕ್ಷದ ಶಾಲೆ ಹುಡುಕುವ ಮನೆಗಳಿಗೇ ಇಲ್ಲಿಂದ ಮುಂದಿನ ಮಾತು.

ಬೋರ್ಡ್ ಮೇಲಿನ ಹೆಸರಲ್ಲ, ಸಂಖ್ಯೆ ನೋಡಿ

2023ರ ಆರಂಭದಲ್ಲಿ ಬೆಂಗಳೂರಿನಲ್ಲಿ ಪೋಷಕರು ಶಾಲೆ ಗೇಟಿನ ಮುಂದೆ ನಿಂತು ಪ್ರತಿಭಟನೆ ಮಾಡಿದ್ದು ಹಲವರಿಗೆ ನೆನಪಿರಬಹುದು. ಸಿಬಿಎಸ್‌ಇ ಅಂತ ನಂಬಿ ಮಕ್ಕಳನ್ನು ಸೇರಿಸಿದ್ದೆವು, ಈಗ ನೋಡಿದರೆ ಆ ಮಾನ್ಯತೆಯೇ ಇಲ್ಲ ಅನ್ನೋದು ಅವರ ದೂರಾಗಿತ್ತು. ದೂರದ ಬೋರ್ಡಿಂಗ್ ಶಾಲೆಯಲ್ಲಿ ಇದು ಗೊತ್ತಾಗೋದು ಇನ್ನೂ ತಡ.

ಹೀಗೆ ನೋಡಿ. ಪ್ರತಿ ಶಾಲೆಗೂ ಯುಡೈಸ್ ಅನ್ನೋ 11 ಅಂಕಿಯ ಸಂಖ್ಯೆ ಇರುತ್ತೆ. ಕರ್ನಾಟಕದ ಶಾಲೆಯಾದರೆ ಅದು 29ರಿಂದ ಶುರುವಾಗುತ್ತೆ. ಯುಡೈಸ್ ವೆಬ್‌ಸೈಟಿನಲ್ಲಿ ಆ ಸಂಖ್ಯೆ ಹಾಕಿದರೆ ಶಾಲೆ ಯಾವ ತರಗತಿಯಿಂದ ಯಾವ ತರಗತಿ ತನಕ ನಡೆಯುತ್ತೆ ಅನ್ನೋದು ಸಿಗುತ್ತೆ. ಸಿಬಿಎಸ್‌ಇ ಅಂತ ಹೇಳಿದರೆ ಮಾನ್ಯತೆ ಸಂಖ್ಯೆ ಕೇಳಿ. ಕರ್ನಾಟಕದ ಖಾಸಗಿ ಶಾಲೆಗಳದ್ದು 83ರಿಂದ ಶುರುವಾಗುತ್ತೆ. ಸಿಬಿಎಸ್‌ಇ ವೆಬ್‌ಸೈಟಿನಲ್ಲಿ ಅದನ್ನು ಹಾಕಿ ಶಾಲೆಯ ಹೆಸರು, ವಿಳಾಸ, ಮಾನ್ಯತೆ ಯಾವ ವರ್ಷದ ತನಕ ಇದೆ ಅಂತ ನೋಡಿ. ಒಂದೇ ಹೆಸರಿನ ಸಂಸ್ಥೆಗೆ ನಾಲ್ಕು ಬ್ರಾಂಚ್ ಇದ್ದರೆ ಒಂದರ ಮಾನ್ಯತೆ ಇನ್ನೊಂದಕ್ಕೆ ಬರೋದಿಲ್ಲ. ವಿಳಾಸ ಹೊಂದಬೇಕು.

‘ಸಿಬಿಎಸ್‌ಇ ಪ್ಯಾಟರ್ನ್’, ‘ಅಪ್ಲೈ ಮಾಡಿದ್ದೀವಿ, ಬರುತ್ತೆ’ ಅಂದರೆ ಸದ್ಯಕ್ಕೆ ಇಲ್ಲ ಅಂತಲೇ ಅರ್ಥ. ಅನುಮಾನ ಇದ್ದರೆ ಆ ಶಾಲೆ ಇರುವ ತಾಲ್ಲೂಕಿನ ಬಿಇಒ ಕಚೇರಿಗೆ ಒಂದು ಫೋನ್ ಮಾಡಿ. ಅನಧಿಕೃತ ಶಾಲೆಗಳ ಪಟ್ಟಿ ಅಲ್ಲಿ ಇರುತ್ತೆ.

ಹೊರರಾಜ್ಯಕ್ಕೆ ಕಳಿಸಿದರೆ ಸಿಇಟಿ ಏನಾಗುತ್ತೆ?

ಊಟಿ, ಮದನಪಲ್ಲಿ, ಹೊಸೂರು ಕಡೆ ಕಳಿಸುವವರು ಈ ಲೆಕ್ಕ ಈಗಲೇ ಹಾಕಬೇಕು. ಕೆಇಎ ಮೂಲಕ ಎಂಜಿನಿಯರಿಂಗ್, ಮೆಡಿಕಲ್ ಸರ್ಕಾರಿ ಕೋಟಾ ಸೀಟು ಬೇಕಾದರೆ, ಬಹುತೇಕರು ಬಳಸುವ ನಿಯಮ ಇದು: 1ರಿಂದ 12ನೇ ತರಗತಿ ಒಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು, ಜೊತೆಗೆ 10 ಅಥವಾ 12ನೇ ತರಗತಿಯನ್ನು ಇಲ್ಲೇ ಪಾಸ್ ಮಾಡಿರಬೇಕು.

ಮಗು 1ರಿಂದ 5 ಮತ್ತಿಕೆರೆಯಲ್ಲಿ, 6ರಿಂದ 10 ಊಟಿಯಲ್ಲಿ, ಪಿಯುಸಿ ಮತ್ತೆ ಇಲ್ಲಿ ಓದಿದರೆ 5 ಮತ್ತು 2 ಸೇರಿ 7 ವರ್ಷ. ಸರಿಹೋಗುತ್ತೆ. ಆದರೆ 6ರಿಂದ 12 ಪೂರ್ತಿ ಹೊರಗೆ ಓದಿದರೆ ಇಲ್ಲಿಯದು 5 ವರ್ಷ ಮಾತ್ರ. ಈ ನಿಯಮದಲ್ಲಿ ಸೀಟಿಗೆ ಅರ್ಹತೆ ಇಲ್ಲ. ಬೇರೆ ಕೆಲವು ಕಲಮುಗಳಿವೆ, ಅವು ಎಲ್ಲರಿಗೂ ಹೊಂದೋದಿಲ್ಲ. ಕೆಇಎ ಮಾಹಿತಿ ಪುಸ್ತಕ ಓದಿ ನೋಡಿ.

ದೊಡ್ಡಬಳ್ಳಾಪುರದ ಹಳ್ಳಿಯಲ್ಲಿರುವ ಬೋರ್ಡಿಂಗ್‌ಗೆ ಹಾಕಿದರೆ ‘ಗ್ರಾಮೀಣ ಕೋಟಾ’ ಸಿಗುತ್ತೆ ಅನ್ನೋ ಮಾತೂ ಕಿವಿಗೆ ಬೀಳುತ್ತೆ. ಅದು ತಪ್ಪು. ಆ ಕೋಟಾಗೆ 1ರಿಂದ 10ನೇ ತರಗತಿ ತನಕ ಹತ್ತೂ ವರ್ಷ ಗ್ರಾಮೀಣ ಶಾಲೆಯಲ್ಲಿ ಓದಿರಬೇಕು. ಕೊನೆಯ ಐದು ವರ್ಷ ಸಾಲದು.

ನೋಡೋಕೆ ಹೋದಾಗ ಏನು ನೋಡಬೇಕು?

ಶಾಲೆಯವರು ಮೊದಲು ತೋರಿಸೋದು ಈಜುಕೊಳ, ಕಂಪ್ಯೂಟರ್ ಲ್ಯಾಬ್, ಸ್ಮಾರ್ಟ್ ಬೋರ್ಡ್. ಮಗು ರಾತ್ರಿ ಕಳೆಯೋದು ಬೇರೆ ಜಾಗದಲ್ಲಿ. ಮಕ್ಕಳು ಶಾಲೆಯಲ್ಲಿರುವ ದಿನವೇ ಹೋಗಿ, ರಜೆಯಲ್ಲಿ ಖಾಲಿ ಕಟ್ಟಡ ನೋಡಿ ಬರಬೇಡಿ. ಊಟದ ಹೊತ್ತಿಗೆ ಹೋದರೆ ಇನ್ನೂ ಒಳ್ಳೆಯದು.

ಮಲಗುವ ಕೋಣೆ: ಒಂದು ಕೋಣೆಯಲ್ಲಿ ಎಷ್ಟು ಮಕ್ಕಳು? ಆರನೇ ಕ್ಲಾಸಿನವರನ್ನೂ ಹತ್ತನೇ ಕ್ಲಾಸಿನವರನ್ನೂ ಒಟ್ಟಿಗೆ ಮಲಗಿಸ್ತಾರಾ? ವಾರ್ಡನ್ ರಾತ್ರಿ ಅದೇ ಮಹಡಿಯಲ್ಲಿ ಇರ್ತಾರಾ? ಹೆಣ್ಣುಮಕ್ಕಳ ಹಾಸ್ಟೆಲ್‌ನಲ್ಲಿ ರಾತ್ರಿ ಮಹಿಳಾ ವಾರ್ಡನ್ ಇರ್ತಾರಾ? ಬೆಂಕಿ ಬಿದ್ದರೆ ಇಳಿಯಲು ಎರಡನೇ ಮೆಟ್ಟಿಲು ಇದೆಯಾ? ಅದಕ್ಕೆ ಬೀಗ ಹಾಕಿದ್ದಾರಾ?

ಶೌಚಾಲಯ, ಬಚ್ಚಲು: ಕದಕ್ಕೆ ಚಿಲಕ ಇದೆಯಾ, ನೀರು ಬರುತ್ತಾ, ಬೆಳಗ್ಗೆ ಬಿಸಿನೀರಿಗೆ ಎಷ್ಟು ಜನರ ಸಾಲು ನಿಲ್ಲುತ್ತೆ? ಪ್ಯಾಡ್ ಹಾಕಲು ವ್ಯವಸ್ಥೆ ಏನು?

ಮೆಸ್: ಆ ದಿನದ ಊಟ ಮಾಡಿ ನೋಡಿ. ಗೋಡೆ ಮೇಲಿನ ಮೆನುಗೂ ತಟ್ಟೆಯಲ್ಲಿರೋದಕ್ಕೂ ತಾಳೆ ಆಗುತ್ತಾ? ಮೆಸ್ ನಡೆಸಲು ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಲೈಸೆನ್ಸ್ ಬೇಕು. ಬೇಕರಿ, ಹೋಟೆಲ್ ನಡೆಸುವವರಿಗೆ ಇದು ಗೊತ್ತೇ ಇದೆ. ಪ್ರತಿ ಎಲ್ಲಿದೆ ಅಂತ ಕೇಳಿ.

ಜ್ವರ ಬಂದರೆ: ಸಿಕ್ ರೂಮ್ ಇದೆಯಾ, ನರ್ಸ್ ರಾತ್ರಿನೂ ಇರ್ತಾರಾ, ಹತ್ತಿರದ ಆಸ್ಪತ್ರೆ ಎಷ್ಟು ದೂರ? ಅಸ್ತಮಾ, ಫಿಟ್ಸ್, ಅಲರ್ಜಿ ಇರುವ ಮಗುವಾದರೆ ಅದನ್ನು ಮುಚ್ಚಿಡಬೇಡಿ, ಬರೆದು ಕೊಡಿ. ಮಾತ್ರೆ ಯಾರು ಕೊಡ್ತಾರೆ ಅಂತ ಹೆಸರು ಕೇಳಿ.

ಫೋನ್: ಮಗು ವಾರಕ್ಕೆ ಎಷ್ಟು ಸಲ ಮನೆಗೆ ಮಾತಾಡಬಹುದು? ಮಾತಾಡುವಾಗ ಪಕ್ಕದಲ್ಲಿ ಯಾರಾದರೂ ನಿಂತಿರ್ತಾರಾ? ಈ ಎರಡನೇ ಪ್ರಶ್ನೆ ಕೇಳಲು ಮರೆಯಬೇಡಿ.

ಅಲ್ಲಿ ಓದುತ್ತಿರುವ ಮಕ್ಕಳ ಇಬ್ಬರು ಪೋಷಕರ ಜೊತೆ ಮಾತಾಡಿ. ಶಾಲೆಯವರು ಕೊಟ್ಟ ನಂಬರ್ ಬೇಡ. ಭಾನುವಾರ ಮಕ್ಕಳನ್ನು ನೋಡಲು ಬರುವವರು ಗೇಟಿನ ಹತ್ತಿರವೇ ಸಿಗ್ತಾರೆ. ಒಂದು ವರ್ಷ ಓದಿಸಿ ಬಿಡಿಸಿದವರು ಸಿಕ್ಕರೆ ಅವರ ಮಾತಿಗೆ ಇನ್ನೂ ಹೆಚ್ಚು ಬೆಲೆ.

ಫೀಸನ್ನು ಒಡೆದು ನೋಡಿ

‘ವರ್ಷಕ್ಕೆ ಎರಡು ಲಕ್ಷ, ಎಲ್ಲ ಸೇರಿ’ ಅನ್ನೋ ಮಾತಿನಲ್ಲಿ ‘ಎಲ್ಲ’ ಅಂದರೆ ಏನು ಅಂತ ಬರವಣಿಗೆಯಲ್ಲಿ ಕೇಳಿ. ಒಂದು ಉದಾಹರಣೆ ನೋಡೋಣ. ಇದು ಯಾವುದೇ ಒಂದು ಶಾಲೆಯ ಫೀಸಲ್ಲ, ಲೆಕ್ಕ ಅರ್ಥ ಆಗಲಿ ಅಂತ ಇಟ್ಟುಕೊಂಡ ಅಂಕಿಗಳು.

ಬೋಧನೆ ಮತ್ತು ಹಾಸ್ಟೆಲ್: 2,00,000
ಪ್ರವೇಶ ಶುಲ್ಕ (ಒಂದೇ ಸಲ): 40,000
ಠೇವಣಿ (ವಾಪಸ್ ಬರಬೇಕಾದ್ದು): 30,000
ಯೂನಿಫಾರ್ಮ್, ಶೂ, ಪುಸ್ತಕ: 25,000
ಲಾಂಡ್ರಿ, ಔಷಧಿ, ಪಾಕೆಟ್ ಮನಿ: 15,000
ಟ್ರಂಕ್, ಹಾಸಿಗೆ, ಹೊದಿಕೆ (ಒಂದೇ ಸಲ): 13,000
ಪೋಷಕರು ಹೋಗಿ ಬರುವ ಖರ್ಚು: 12,000

ಒಟ್ಟು 3,35,000. ಎರಡು ಲಕ್ಷ ಅಂತ ಹೇಳಿದ ಶಾಲೆಗೆ ಮೊದಲ ವರ್ಷ ಕೈಯಿಂದ ಹೋಗೋದು ಮೂರು ಲಕ್ಷದ ಮೂವತ್ತೈದು ಸಾವಿರ.

ಮುಂದಿನದು ಐದು ವರ್ಷದ ಲೆಕ್ಕ. ಆರಕ್ಕೆ ಸೇರಿದ ಮಗುವನ್ನು ಹತ್ತರ ತನಕ ಓದಿಸಬೇಕು, ಮಧ್ಯದಲ್ಲಿ ಬಿಡಿಸಿದರೆ ಅವನಿಗೇ ಕಷ್ಟ. ವರ್ಷಕ್ಕೆ ಶೇ 10ರಷ್ಟು ಫೀಸು ಏರುತ್ತೆ ಅಂತ ಇಟ್ಟುಕೊಂಡರೆ ಎರಡು ಲಕ್ಷ ಐದನೇ ವರ್ಷಕ್ಕೆ 2,92,820 ಆಗುತ್ತೆ. ಐದು ವರ್ಷದ ಫೀಸೇ 12.21 ಲಕ್ಷ. ಪ್ರತಿ ವರ್ಷದ ಬಟ್ಟೆ, ಪುಸ್ತಕ, ಲಾಂಡ್ರಿ, ಓಡಾಟ ಸೇರಿ 52,000 ಅಂದರೆ 2.60 ಲಕ್ಷ. ಒಂದೇ ಸಲದ ಖರ್ಚು ಮತ್ತು ಠೇವಣಿ ಸೇರಿ 83,000. ಒಟ್ಟು 15.64 ಲಕ್ಷ. 60 ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 26,000 ರೂಪಾಯಿ.

ಈ 26,000 ಅಂಗಡಿಯ ಒಳ್ಳೆ ತಿಂಗಳಲ್ಲಿ ಬರುತ್ತಾ ಅಂತ ನೋಡಬಾರದು. ಆಷಾಢದಲ್ಲಿ, ವ್ಯಾಪಾರ ಬಿದ್ದ ತಿಂಗಳಲ್ಲಿ ಬಾಡಿಗೆ, ಸಾಲದ ಕಂತು, ಹುಡುಗರ ಸಂಬಳ ಕಳೆದ ಮೇಲೂ ಉಳಿಯುತ್ತಾ ಅಂತ ನೋಡಬೇಕು. ಮನೆಯಲ್ಲಿ ಎರಡನೇ ಮಗು ಇದ್ದರೆ ಅದಕ್ಕೂ ಇದೇ ಲೆಕ್ಕ ಬರುತ್ತೆ.

ಶಾಲೆಯವರನ್ನು ಕೇಳಬೇಕಾದ್ದು ಒಂದೇ ಪ್ರಶ್ನೆ: ಕಳೆದ ಮೂರು ವರ್ಷದಲ್ಲಿ ಆರನೇ ತರಗತಿಯ ಫೀಸು ಎಷ್ಟೆಷ್ಟಿತ್ತು? ಮುಂದಿನ ಏರಿಕೆ ಎಷ್ಟಿರುತ್ತೆ ಅಂತ ಹೇಳದಿದ್ದರೂ ಹಿಂದಿನದನ್ನು ಮುಚ್ಚಿಡಲು ಕಾರಣ ಇಲ್ಲ.

ಸರ್ಕಾರ ಫೀಸು ಕಂಟ್ರೋಲ್ ಮಾಡೋದಿಲ್ವಾ? ಖಾಸಗಿ ಅನುದಾನರಹಿತ ಶಾಲೆಗಳ ಶುಲ್ಕ ನಿಯಂತ್ರಿಸುವ ಅಧಿಕಾರ ಕೊಡುತ್ತಿದ್ದ ಶಿಕ್ಷಣ ಕಾಯ್ದೆಯ ಕಲಮುಗಳನ್ನು ಹೈಕೋರ್ಟ್ 2023ರ ಜನವರಿಯಲ್ಲಿ ರದ್ದು ಮಾಡಿತು. ಆದ್ದರಿಂದ ಏರಿಕೆ ಆದ ಮೇಲೆ ಕಚೇರಿಗೆ ಅಲೆಯುವುದಕ್ಕಿಂತ ಮೊದಲೇ ಬರೆಸಿಕೊಳ್ಳೋದು ಮೇಲು.

ವಂತಿಗೆ ಮಾತ್ರ ಬೇರೆ ವಿಷಯ. 6ರಿಂದ 14 ವರ್ಷದ ಮಕ್ಕಳಿಗೆ ಆರ್‌ಟಿಇ ಕಾಯ್ದೆ ಪ್ರಕಾರ, ಶಾಲೆ ಪ್ರಕಟಿಸಿದ ಶುಲ್ಕ ಬಿಟ್ಟು ಬೇರೆ ಯಾವ ಹೆಸರಲ್ಲಿ ದುಡ್ಡು ತಗೊಂಡರೂ ಅದು ಕ್ಯಾಪಿಟೇಷನ್. ದಂಡ ಅದರ ಹತ್ತು ಪಟ್ಟಿನ ತನಕ ಇದೆ. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಆರ್‌ಟಿಇ ಅನ್ವಯಿಸದು ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಕ್ಯಾಪಿಟೇಷನ್ ನಿಷೇಧಿಸುವ ರಾಜ್ಯದ ಕಾಯ್ದೆ 1984ರಿಂದಲೇ ಇದೆ. ‘ಕಟ್ಟಡ ನಿಧಿ’, ‘ಟ್ರಸ್ಟ್‌ಗೆ ಕಾಣಿಕೆ’ ಅಂತ ರಸೀದಿ ಇಲ್ಲದೆ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ರಸೀದಿ ಇಲ್ಲದ ದುಡ್ಡು ಮುಂದೆ ಯಾವ ಕಚೇರಿಯಲ್ಲೂ ಲೆಕ್ಕಕ್ಕೆ ಬರೋದಿಲ್ಲ.

ವ್ಯಾಪಾರಿಗಳಿಗೆ ಇನ್ನೂ ಮೂರು ಮಾತು. ಒಂದು, ಶಾಲೆ ತನ್ನ ಮಕ್ಕಳಿಗೆ ಕೊಡುವ ಬೋಧನೆ ಮತ್ತು ಹಾಸ್ಟೆಲ್ ಸೇವೆಗೆ ಜಿಎಸ್‌ಟಿ ಇಲ್ಲ. ಬಿಲ್‌ನಲ್ಲಿ ಹಾಕಿದ್ದರೆ ಯಾಕೆ ಅಂತ ಕೇಳಿ. ಎರಡು, ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಒಬ್ಬರಿಂದ ತಗೊಳ್ಳೋದು ಆದಾಯ ತೆರಿಗೆ ಕಾಯ್ದೆಯಲ್ಲಿ ನಿಷೇಧ. ಚೆಕ್, ಆನ್‌ಲೈನ್ ಮೂಲಕವೇ ಶಾಲೆಯ ಖಾತೆಗೆ ಕಟ್ಟಿ, ಯಾರದೋ ವೈಯಕ್ತಿಕ ಖಾತೆಗೆ ಬೇಡ. ಮೂರು, 80ಸಿ ಅಂತ ಎಲ್ಲರಿಗೂ ಗೊತ್ತಿರುವ ರಿಯಾಯಿತಿ ಹಳೆ ತೆರಿಗೆ ಪದ್ಧತಿಯಲ್ಲಿ ಮಾತ್ರ. ಅದೂ ಬೋಧನಾ ಶುಲ್ಕಕ್ಕೆ ಮಾತ್ರ, ಇಬ್ಬರು ಮಕ್ಕಳ ತನಕ, ಬೇರೆ ಉಳಿತಾಯ ಎಲ್ಲ ಸೇರಿ 1.5 ಲಕ್ಷದ ಮಿತಿಯಲ್ಲಿ. ಹಾಸ್ಟೆಲ್, ಊಟ, ಡೊನೇಷನ್‌ಗೆ ಇಲ್ಲ. ಅದಕ್ಕೇ ರಸೀದಿಯಲ್ಲಿ ಬೋಧನಾ ಶುಲ್ಕ ಬೇರೆಯಾಗಿ ಕಾಣಬೇಕು.

ದುಡ್ಡು ಹೊಂದಿಸುವ ದಾರಿ

ಈಗ ಹಲವು ಶಾಲೆಗಳಲ್ಲಿ ‘ಬಡ್ಡಿ ಇಲ್ಲದ ಇಎಂಐ’ ಅಂತ ಫೈನಾನ್ಸ್ ಕಂಪನಿಯ ಫಾರಂ ಮುಂದಿಡ್ತಾರೆ. ಇದು ಶಾಲೆ ಕೊಡುವ ಕಂತಲ್ಲ. ಪೋಷಕರ ಹೆಸರಲ್ಲಿ ಆಗುವ ಸಾಲ. ಕಂಪನಿ ಪೂರ್ತಿ ದುಡ್ಡನ್ನು ಶಾಲೆಗೆ ಕಟ್ಟುತ್ತೆ, ಮಗು ಎರಡು ತಿಂಗಳಿಗೆ ವಾಪಸ್ ಬಂದರೂ ಕಂತು ನಿಲ್ಲೋದಿಲ್ಲ. ಕಟ್ಟದಿದ್ದರೆ ಸಿಬಿಲ್ ಹಾಳಾಗುತ್ತೆ. ನಾಳೆ ಅಂಗಡಿಗೆ ಸಾಲ ಕೇಳಲು ಹೋದಾಗ ಇದು ಅಡ್ಡ ಬರುತ್ತೆ.

ಬಡ್ಡಿ ನಿಜವಾಗಿ ಇಲ್ವಾ ಅಂತಲೂ ನೋಡೋಣ. 2.40 ಲಕ್ಷ ಫೀಸು, ಒಂದೇ ಸಲ ಕಟ್ಟಿದರೆ ಶೇ 5 ರಿಯಾಯಿತಿ ಅಂದರೆ 12,000 ಉಳಿಯುತ್ತೆ ಅಂತ ಇಟ್ಟುಕೊಳ್ಳಿ. ಇಎಂಐ ಆದರೆ ತಿಂಗಳಿಗೆ 20,000ದಂತೆ 12 ಕಂತು, ಜೊತೆಗೆ ಶೇ 3ರ ಪ್ರೊಸೆಸಿಂಗ್ ಫೀ 7,200. ಕೈ ತಪ್ಪಿದ ರಿಯಾಯಿತಿ ಸೇರಿದರೆ ಖರ್ಚು 19,200. ಪ್ರತಿ ತಿಂಗಳು ತೀರಿಸುತ್ತಾ ಬರೋದರಿಂದ ವರ್ಷದ ಸರಾಸರಿ ಬಾಕಿ 1.30 ಲಕ್ಷ ಮಾತ್ರ. ಆ ಲೆಕ್ಕದಲ್ಲಿ ಬಡ್ಡಿ ಹೆಚ್ಚುಕಡಿಮೆ ಶೇ 15. ‘ಸೊನ್ನೆ ಬಡ್ಡಿ’ ಅಂದಿದ್ದು ಇದನ್ನೇ. 2024ರ ಅಕ್ಟೋಬರ್ 1ರಿಂದ ಇಂಥ ಸಾಲಗಳಿಗೆ ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ಎಲ್ಲ ಖರ್ಚು ಸೇರಿದ ವಾರ್ಷಿಕ ದರ ಅದರಲ್ಲಿ ಬರೆದಿರುತ್ತೆ. ಅದನ್ನು ಓದದೆ ಸಹಿ ಬೇಡ.

ಮಗು ಇನ್ನೂ ಎರಡನೇ ಮೂರನೇ ಕ್ಲಾಸಿನಲ್ಲಿದ್ದರೆ ಬ್ಯಾಂಕ್ ಅಥವಾ ಪೋಸ್ಟ್ ಆಫೀಸ್ ಆರ್‌ಡಿ ಶುರು ಮಾಡೋದು ಸರಳ ದಾರಿ. ಚೀಟಿ ಹಾಕುವವರು ನೋಂದಣಿ ಆದ ಚೀಟಿಗೇ ಹಾಕಿ. ಸರ್ಕಾರಿ ಸ್ವಾಮ್ಯದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತೆ. ಹೆಣ್ಣುಮಗುವಿನ ಸುಕನ್ಯಾ ಸಮೃದ್ಧಿ ಖಾತೆಯನ್ನು ನಂಬಿಕೊಂಡು ಆರನೇ ಕ್ಲಾಸಿಗೆ ಸೇರಿಸಬೇಡಿ. ಅದರಿಂದ ಓದಿಗೆ ದುಡ್ಡು ತೆಗೆಯಲು ಹತ್ತನೇ ತರಗತಿ ಮುಗಿಯಬೇಕು ಅಥವಾ 18 ವರ್ಷ ತುಂಬಬೇಕು. ಅಂಗಡಿಯ ಓಡಾಟದ ಬಂಡವಾಳ ತೆಗೆದು ಫೀಸು ಕಟ್ಟಿದರೆ ಮೊದಲ ವರ್ಷ ಗೊತ್ತಾಗೋದಿಲ್ಲ, ಎರಡನೇ ವರ್ಷ ಸರಕು ತರಲು ಸಾಲ ಮಾಡಬೇಕಾಗುತ್ತೆ.

ಬಿಟ್ಟು ಬಂದರೆ ದುಡ್ಡು ವಾಪಸ್ ಬರುತ್ತಾ?

ಹೆಚ್ಚು ಜಗಳ ಆಗೋದು ಇಲ್ಲೇ. ಜೂನ್‌ನಲ್ಲಿ ಸೇರಿದ ಮಗು ಜುಲೈನಲ್ಲಿ ‘ಇರಲ್ಲ’ ಅಂತ ಅಳುತ್ತಾ ವಾಪಸ್ ಬರುತ್ತೆ. ವರ್ಷದ ಫೀಸು ಪೂರ್ತಿ ಕಟ್ಟಾಗಿರುತ್ತೆ. ಅರ್ಜಿಯ ಹಿಂದೆ ಸಣ್ಣ ಅಕ್ಷರದಲ್ಲಿ ‘ಕಟ್ಟಿದ ಶುಲ್ಕ ಯಾವ ಕಾರಣಕ್ಕೂ ಹಿಂತಿರುಗಿಸಲಾಗುವುದಿಲ್ಲ’ ಅಂತ ಇರುತ್ತೆ, ಕೆಳಗೆ ಅಪ್ಪನ ಸಹಿಯೂ ಇರುತ್ತೆ.

ಗ್ರಾಹಕರ ಕೋರ್ಟಿಗೆ ಹೋಗ್ತೀವಿ ಅನ್ನೋರು ಒಂದು ವಿಷಯ ತಿಳಿದಿರಬೇಕು. ಶಿಕ್ಷಣ ಸಂಸ್ಥೆಗಳ ಬೋಧನೆ ಗ್ರಾಹಕ ಕಾಯ್ದೆಯ ‘ಸೇವೆ’ ಅಡಿ ಬರೋದಿಲ್ಲ ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2020ರಲ್ಲಿ ತೀರ್ಪು ಕೊಟ್ಟಿದೆ. ಆ ದಾರಿ ಸುಲಭವಲ್ಲ. ಕೈಯಲ್ಲಿ ಇರಬೇಕಾದ್ದು ಬರವಣಿಗೆ.

ಕಟ್ಟುವ ಮುಂಚೆ ಈ ನಾಲ್ಕಕ್ಕೆ ಶಾಲೆಯ ಲೆಟರ್‌ಹೆಡ್‌ನಲ್ಲಿ ಅಥವಾ ಇಮೇಲ್‌ನಲ್ಲಿ ಉತ್ತರ ತಗೊಳ್ಳಿ:

ಶಾಲೆ ಶುರುವಾಗುವ ಮುಂಚೆ ಬೇಡ ಅಂದರೆ ಎಷ್ಟು ವಾಪಸ್?
ಮೊದಲ ಒಂದು ತಿಂಗಳಲ್ಲಿ, ಮೊದಲ ಟರ್ಮ್‌ನಲ್ಲಿ ಬಿಟ್ಟರೆ ಎಷ್ಟು ವಾಪಸ್?
ಠೇವಣಿ ಎಷ್ಟು ದಿನದಲ್ಲಿ ಬರುತ್ತೆ, ಅದರಲ್ಲಿ ಏನೇನು ಹಿಡಿದುಕೊಳ್ತಾರೆ?
ಬಿಡಲು ಎಷ್ಟು ತಿಂಗಳ ಮುಂಚೆ ತಿಳಿಸಬೇಕು?

ಉತ್ತರ ‘ಏನೂ ವಾಪಸ್ ಇಲ್ಲ’ ಅಂತಿದ್ದರೂ ಪರವಾಗಿಲ್ಲ, ಗೊತ್ತಿದ್ದು ಕಟ್ಟಿದ ಹಾಗಾಯ್ತು. ಅಂಥ ಶಾಲೆಯಾದರೆ ವರ್ಷದ ಪೂರ್ತಿ ದುಡ್ಡು ಬೇಡ, ಒಂದೊಂದೇ ಟರ್ಮ್ ಕಟ್ಟುವ ಅವಕಾಶ ಕೇಳಿ. ರಿಯಾಯಿತಿ ಸ್ವಲ್ಪ ತಪ್ಪಿದರೂ ಮೊದಲ ವರ್ಷ ಅದೇ ಕ್ಷೇಮ.

ಟಿಸಿ ವಿಷಯದಲ್ಲಿ ಎಂಟನೇ ತರಗತಿ ತನಕ ಆರ್‌ಟಿಇ ಕಾಯ್ದೆ ಪೋಷಕರ ಕಡೆ ಇದೆ. ಮಗು ಬೇರೆ ಶಾಲೆಗೆ ಹೋಗುವಾಗ ಮುಖ್ಯ ಶಿಕ್ಷಕರು ತಕ್ಷಣ ಟಿಸಿ ಕೊಡಬೇಕು. ಟಿಸಿ ತಡ ಆಯ್ತು ಅಂತ ಹೊಸ ಶಾಲೆ ಸೇರಿಸಿಕೊಳ್ಳದೆ ಇರುವಂತಿಲ್ಲ. ಸೇರಿಸುವಾಗ ಮೂಲ ಅಂಕಪಟ್ಟಿ, ಜನನ ಪ್ರಮಾಣಪತ್ರ ಒಪ್ಪಿಸಿ ಬರಬೇಡಿ, ತೋರಿಸಿ ಜೆರಾಕ್ಸ್ ಕೊಡಿ. ಮಗುವಿನ ಸ್ಯಾಟ್ಸ್ ಸಂಖ್ಯೆ ಬರೆದಿಟ್ಟುಕೊಳ್ಳಿ.

ಮಗುವನ್ನು ಕೇಳಿದ್ದೀರಾ?

ಎಲ್ಲ ಲೆಕ್ಕ ಸರಿಯಿದ್ದರೂ ಮಗು ಒಪ್ಪದಿದ್ದರೆ ದುಡ್ಡು ನೀರಿಗೆ ಹಾಕಿದ ಹಾಗೆ. ತುಂಟ ಅಂತ, ಮೊಬೈಲ್ ಬಿಡಲ್ಲ ಅಂತ ಶಿಕ್ಷೆಯ ಹಾಗೆ ಕಳಿಸಿದರೆ ಮಗುವಿಗೆ ಅದು ಶಿಕ್ಷೆಯಾಗಿಯೇ ಉಳಿಯುತ್ತೆ. ಶಾಲೆ ನೋಡಲು ಹೋಗುವಾಗ ಮಗುವನ್ನೂ ಕರೆದುಕೊಂಡು ಹೋಗಿ. ಮುಂಚೆಯೇ ಒಂದು ವಾರ ಅಜ್ಜಿ ಮನೆಯಲ್ಲಿ ಅಪ್ಪ ಅಮ್ಮ ಇಲ್ಲದೆ ಇದ್ದು ಅಭ್ಯಾಸ ಮಾಡಿಸಿ. ತನ್ನ ಬಟ್ಟೆ ತಾನೇ ಮಡಿಚೋದು, ತಲೆ ಬಾಚಿಕೊಳ್ಳೋದು, ಬೇಕಾದ್ದನ್ನು ಬಾಯಿಬಿಟ್ಟು ಕೇಳೋದು ಬರಬೇಕು.

ಮೊದಲ ಕೆಲವು ವಾರ ಅಳೋದು ಸಹಜ. ಆದರೆ ತಿಂಗಳು ಕಳೆದರೂ ಊಟ ಬಿಡೋದು, ತೂಕ ಇಳಿಯೋದು, ಹಾಸಿಗೆ ಒದ್ದೆ ಮಾಡೋದು, ಯಾರೋ ಒಬ್ಬರ ಹೆಸರು ಹೇಳಿದರೆ ಮಾತು ನಿಲ್ಲಿಸೋದು ಕಂಡರೆ ‘ಅಡ್ಜಸ್ಟ್ ಆಗ್ತಾನೆ ಬಿಡಿ’ ಅನ್ನಬೇಡಿ. ಹೋಗಿ ನೋಡಿ. ಕಟ್ಟಿದ ಫೀಸಿನ ಮುಖ ನೋಡಿ ಮಗುವನ್ನು ಅಲ್ಲೇ ಬಿಡುವ ತಪ್ಪು ಆಗಬಾರದು.

ಹೊಡೆಯೋದು, ಅವಮಾನ ಮಾಡೋದು ಆರ್‌ಟಿಇ ಕಾಯ್ದೆಯಲ್ಲಿ ನಿಷೇಧ. ಲೈಂಗಿಕ ದೌರ್ಜನ್ಯದ ವಿಷಯ ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಸದೆ ಶಾಲೆಯೊಳಗೇ ಮುಚ್ಚಿಹಾಕೋದು 2012ರ ಪೋಕ್ಸೊ ಕಾಯ್ದೆ ಪ್ರಕಾರ ಅಪರಾಧ. ಮಕ್ಕಳ ಸಹಾಯವಾಣಿ 1098, ದಿನದ 24 ಗಂಟೆಯೂ ಉಚಿತ. ಈ ನಂಬರ್ ಮಗುವಿಗೆ ಬಾಯಿಪಾಠ ಇರಲಿ, ಅಪ್ಪ ಅಮ್ಮನ ನಂಬರ್ ಜೊತೆಗೆ.

ದೂರು ಎಲ್ಲಿ ಕೊಡಬೇಕು?

ಮನೆ ಮತ್ತಿಕೆರೆಯಲ್ಲಿದ್ದರೂ ದೂರು ಹೋಗಬೇಕಾದ್ದು ಶಾಲೆ ಇರುವ ಕಡೆಗೆ. ಶಾಲೆ ದೊಡ್ಡಬಳ್ಳಾಪುರದಲ್ಲಿದ್ದರೆ ಅಲ್ಲಿನ ಬಿಇಒ ಮತ್ತು ಬೆಂಗಳೂರು ಗ್ರಾಮಾಂತರ ಡಿಡಿಪಿಐ, ತುಮಕೂರಿನಲ್ಲಿದ್ದರೆ ಅಲ್ಲಿಯವರು. ಸಿಬಿಎಸ್‌ಇ ಶಾಲೆಯಾದರೆ ಮಂಡಳಿಯ ಬೆಂಗಳೂರು ಪ್ರಾದೇಶಿಕ ಕಚೇರಿಗೂ ಬರೆಯಬಹುದು. ಮಕ್ಕಳ ಸುರಕ್ಷತೆಯ ವಿಷಯವಾದರೆ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಇದೆ. ಬಾಯಿಮಾತಿನ ದೂರು ಬೇಡ. ರಸೀದಿ ಪ್ರತಿ ಲಗತ್ತಿಸಿ ಬರೆದು ಕೊಡಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ.

ಯಾವಾಗ ಶುರು ಮಾಡಬೇಕು?

ಮುಂದಿನ ಜೂನ್‌ಗೆ ಸೇರಿಸಬೇಕಾದರೆ ಈ ವರ್ಷದ ದಸರಾ ರಜೆಯಲ್ಲೇ ಶಾಲೆ ನೋಡಿಕೊಂಡು ಬರುವ ಪಟ್ಟಿ ಮಾಡಿ. ನವೋದಯ, ಸೈನಿಕ ಶಾಲೆಯ ಅರ್ಜಿಗಳು ಅದರ ಆಸುಪಾಸಿನಲ್ಲೇ ಬರುತ್ತವೆ, ನವೋದಯದ್ದು ಇನ್ನೂ ಮುಂಚೆ. ಡಿಸೆಂಬರ್ ಒಳಗೆ ಎರಡು ಮೂರು ಶಾಲೆ ನೋಡಿ ಮುಗಿಸಿದರೆ ಲೆಕ್ಕ ಹಾಕಲು, ಮಗುವಿನ ಜೊತೆ ಮಾತಾಡಲು ಸಮಯ ಇರುತ್ತೆ. ಏಪ್ರಿಲ್‌ನಲ್ಲಿ ‘ಎರಡೇ ಸೀಟು ಉಳಿದಿದೆ, ಇವತ್ತೇ ಕಟ್ಟಿ’ ಅಂತ ಫೋನ್ ಬಂದಾಗ ಗಡಿಬಿಡಿ ಮಾಡಬೇಕಾಗಿಲ್ಲ.

ಫೋನ್ ಬಂದರೆ ಹೇಳಬೇಕಾದ್ದು ಇಷ್ಟೇ: ಫೀಸಿನ ಪಟ್ಟಿ, ವಾಪಸ್ ಕೊಡುವ ಷರತ್ತು, ಮಾನ್ಯತೆ ಸಂಖ್ಯೆ ಮೂರನ್ನೂ ಬರವಣಿಗೆಯಲ್ಲಿ ಕಳಿಸಿ, ನೋಡಿ ಹೇಳ್ತೀವಿ. ಒಳ್ಳೆ ಶಾಲೆಗೆ ಇದನ್ನು ಕಳಿಸೋದು ಹತ್ತು ನಿಮಿಷದ ಕೆಲಸ. ಕಳಿಸದಿದ್ದರೆ ಆ ಸೀಟು ಬೇರೆಯವರಿಗೇ ಹೋಗಲಿ.